ಕೋರ್ಟು ಸುಡಹೇಳಿದ ಪಿಶಾಚ

ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಅರ್ಧ ಆಯುಷ್ಯ ಕಳೆದ ನಮ್ಮಂಥವರಿಗೆ ಜರ್ಮನಿಯ ಮೂಕಚಿತ್ರಗಳ ಗೊಡವೆಯೇಕೆಂದು ವಾಚಕರು ಕೇಳಬಹುದು. ಈ ಗೀಳನ್ನು ನಮಗೆ ಹಚ್ಚಿದವರು ಫಿಲ್ಮ್ ಇನ್‌ಸ್ಟಿಟ್ಯೂಟಿನ ಹುಡುಗರು. ಕಾಫಿಗೆಂದು ಬರುತ್ತಿದ್ದ ಅವರಲ್ಲೊಬ್ಬರು, ಬಾಕಿಯ ಸಂಕೋಚಕ್ಕೋ ಏನೋ, ಒಂದು ಸಂಜೆ ನಮ್ಮನ್ನು ಲಾ ಕಾಲೇಜು ರಸ್ತೆಯ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯಕ್ಕೆ ಕರೆದೊಯ್ದರು. ಅಂದು ತೋರಿಸಿದ್ದು ಮುರ್ನೌ ಅವರು 1922ರಲ್ಲಿ ತೆರೆಗೆ ತಂದ 'ನೋಸ್ಫೆರಾಟು'.

ಮಾತಿಲ್ಲ, ಕಿರುಚಾಟವಿಲ್ಲ. ಬೋಳುತಲೆಯ, ಇಲಿಹಲ್ಲಿನ ಪಿಶಾಚನಾಗಿ ಮ್ಯಾಕ್ಸ್ ಶ್ರೆಕ್ ಎಂಬ ನಟರು. ಮೆಟ್ಟಲೇರಿ ಬರುವುದು ಅವನ ನೆರಳು ಮಾತ್ರ. ಆ ನೆರಳಿನ ಬೆರಳುಗಳು ಬಾಗಿಲಿನತ್ತ ನೀಳವಾಗಿ ಚಾಚುತ್ತವೆ. ಈ ದೃಶ್ಯವು ಲೋಕಪ್ರಸಿದ್ಧವಾದದ್ದು. ಆದರೆ ನಮ್ಮ ನಿದ್ದೆಗೆಡಿಸಿದ್ದು ಬೇರೊಂದು. ಹಡಗಿನಲ್ಲಿ ಪಿಶಾಚನೊಡನೆ ಇಲಿಗಳೂ ಬಂದಿಳಿಯುತ್ತವೆ. ಊರಿಗೆ ಪ್ಲೇಗು ಹೊಗುತ್ತದೆ. ಒಬ್ಬಾತನು ಸೀಮೆಸುಣ್ಣದಿಂದ ಮನೆಮನೆಯ ಬಾಗಿಲಿಗೆ ಗುರುತು ಹಾಕುತ್ತ ಹೋಗುತ್ತಾನೆ. ಓಣಿಯಲ್ಲಿ ಶವಪೆಟ್ಟಿಗೆಗಳ ಸಾಲು.

ಇಲಿ ಬಿದ್ದಿತೆಂದರೆ ಊರಿಗೆ ಊರೇ ಹೊಲದ ಗುಡಿಸಲುಗಳಿಗೆ ಹೋಗುತ್ತಿದ್ದ ಸಂಗತಿಯನ್ನು ನಮ್ಮ ಅಜ್ಜಿ ಹಿರಿಯರಿಂದ ಕೇಳಿ ನಮಗೆ ಹೇಳುತ್ತಿದ್ದರು. ಈ ಪುಣೆಯಲ್ಲಿಯೂ 1897ರಲ್ಲಿ ಪ್ಲೇಗಿನ ತಪಾಸಣೆಯ ಹೆಸರಿನಲ್ಲಿ ಸೋಲ್ಜರುಗಳು ಮನೆಹೊಕ್ಕರು. ಅದೇ ಜೂನ್ ತಿಂಗಳಲ್ಲಿ ಚಾಫೇಕರ ಬಂಧುಗಳು ಪ್ಲೇಗ್ ಅಧಿಕಾರಿ ರಾಂಡನನ್ನು ಗುಂಡಿಕ್ಕಿದರು. ಬ್ರ್ಯಾಮ್ ಸ್ಟೋಕರರ 'ಡ್ರಾಕುಲಾ' ಕಾದಂಬರಿಯು ಲಂಡನ್ನಿನಲ್ಲಿ ಪ್ರಕಟವಾದದ್ದೂ ಅದೇ ವರ್ಷವೇ. ನಾವು ಬಾಲಕರಾಗಿದ್ದಾಗ ಊರ ಬಾಗಿಲುಗಳ ಮೇಲೆ ಪಿಶಾಚಿಯನ್ನು ಹಿಂದೆ ಕಳಿಸಲು 'ನಾಳೆ ಬಾ' ಎಂದು ಬರೆದಿರುತ್ತಿದ್ದರು. ಆ ಸುಣ್ಣದ ಗುರುತನ್ನು ಕಂಡಾಗ ನಮಗೆ ಅದೇ ನೆನಪಾಯಿತು.

ಆಮೇಲೆ ವಕ್ರ ಗೋಡೆಗಳ 'ಕ್ಯಾಲಿಗರಿ'ಯನ್ನು ಕಂಡೆವು. ಬ್ರಿಟಿಷರ 1958ರ ವರ್ಣರಂಜಿತ 'ಡ್ರಾಕುಲಾ'ವನ್ನೂ ಕಂಡೆವು; ಕ್ರಿಸ್ಟೋಫರ್ ಲೀ ಅವರ ಠೀವಿ ಮೆಚ್ಚತಕ್ಕದ್ದೇ, ಆದರೆ ಕೆಂಪುಬಣ್ಣವು ತುಸು ಧಾರಾಳವಾಯಿತು.

ಈ ಜರ್ಮನ್ ನೆರಳು ಪುಣೆಗೆ ಹೊಸದಲ್ಲ. 'ಸೈರಂಧ್ರಿ'ಯ ವರ್ಣಮುದ್ರಣಕ್ಕಾಗಿ 1933ರಲ್ಲಿ ಜರ್ಮನಿಗೆ ಹೋಗಿದ್ದ ವಿ. ಶಾಂತಾರಾಮರು ಅಲ್ಲಿಯ ಬೆಳಕು-ಕತ್ತಲೆಯ ವಿದ್ಯೆಯನ್ನು ಕಣ್ಣಾರೆ ಕಂಡು ಬಂದರು. ಮರುವರ್ಷ ಪ್ರಭಾತ್ ಕಂಪನಿಯ ಪುಣೆ ಸ್ಟುಡಿಯೋದಲ್ಲಿ ಮೊದಲು ಸಿದ್ಧವಾದ 'ಅಮೃತಮಂಥನ'ವು ಬಲಿ ಬೇಡುವ ರಾಜಗುರುವಿನ ಕಥೆ. ಹಿಂದಿ ಚಿತ್ರದಲ್ಲಿ ಆ ಪಾತ್ರ ವಹಿಸಿದ ಚಂದ್ರಮೋಹನರ ಒಂದೇ ಒಂದು ಕಣ್ಣು ಪರದೆಯನ್ನು ತುಂಬುವುದನ್ನು ಕಂಡವರು ಮರೆಯಲಾರರು. ಆ ಸ್ಟುಡಿಯೋದ ಜಾಗದಲ್ಲಿಯೇ ಇಂದು ಫಿಲ್ಮ್ ಇನ್‌ಸ್ಟಿಟ್ಯೂಟು ನಡೆದಿದೆ.

'ನೋಸ್ಫೆರಾಟು' ಉಳಿದ ಬಗೆಯನ್ನು ಹೇಳಲೇಬೇಕು. ತಯಾರಕರು ಕಾದಂಬರಿಯ ಹಕ್ಕು ಪಡೆದಿರಲಿಲ್ಲ. ಸ್ಟೋಕರರ ವಿಧವೆ ದಾವೆ ಹೂಡಿದರು. 1925ರಲ್ಲಿ ಜರ್ಮನ್ ನ್ಯಾಯಾಲಯವು ಎಲ್ಲ ಪ್ರತಿಗಳನ್ನೂ ನಾಶಪಡಿಸಬೇಕೆಂದು ಆಜ್ಞಾಪಿಸಿತು. ಅಷ್ಟರಲ್ಲಿ ಕೆಲವು ಪ್ರತಿಗಳು ಹೊರದೇಶಗಳನ್ನು ಸೇರಿದ್ದವು. ಅದರಿಂದ ಚಿತ್ರ ಬದುಕಿತು.

ನಮ್ಮ ಮೊದಲ ಕನ್ನಡ ಬೋಲಪಟ 'ಸತಿ ಸುಲೋಚನಾ' 1934ರಲ್ಲಿ ತೆರೆಕಂಡಿತು. ಅದರ ಚಿತ್ರೀಕರಣ ನಡೆದದ್ದು ಇಲ್ಲಿಂದ ದೂರವಲ್ಲದ ಕೊಲ್ಲಾಪುರದಲ್ಲಿ. ಅದನ್ನು ಸುಡಬೇಕೆಂದು ಯಾವ ಕೋರ್ಟೂ ಹೇಳಲಿಲ್ಲ. ಆದರೂ ಅದರ ಒಂದು ಪ್ರತಿಯೂ ಉಳಿದಿಲ್ಲ. ಸುಬ್ಬಯ್ಯನಾಯ್ಡು ಅವರ ಇಂದ್ರಜಿತು, ನಾಗೇಂದ್ರರಾಯರ ರಾವಣ, ಎಲ್ಲವೂ ಹೋಯಿತು. 2003ರ ಜನವರಿಯಲ್ಲಿ ಇನ್‌ಸ್ಟಿಟ್ಯೂಟಿನ ಆವರಣದ ಕೋಠಿಗೆ ಬೆಂಕಿ ಬಿದ್ದು ನೈಟ್ರೇಟ್ ಫಿಲ್ಮಿನ ನೂರಾರು ಹಳೆಯ ಚಿತ್ರಗಳು ಬೂದಿಯಾದುದನ್ನು ಪುಣೆಯ ಕನ್ನಡಿಗರು ಮರೆತಿರಲಾರರು.

ಕೊಲ್ಲಾಪುರ, ಮೀರಜ, ಸಾಂಗ್ಲಿ ಕಡೆಯ ವಾಚಕರಲ್ಲಿ ನಮ್ಮದೊಂದು ಅರಿಕೆ. ಹಳೆಯ ಥಿಯೇಟರಿನ ಗೋದಾಮಿನಲ್ಲಿಯೋ ಅಟ್ಟದ ಮೇಲೆಯೋ ಫಿಲ್ಮಿನ ತಗಡು ಡಬ್ಬಿಗಳು ಸಿಕ್ಕರೆ ಗುಜರಿಗೆ ಹಾಕಬೇಡಿರಿ. ದೀಪ, ಬೀಡಿಗಳ ಬಳಿ ತೆರೆಯಲೂ ಬೇಡಿರಿ. ತಂಪಾದ ಜಾಗದಲ್ಲಿಟ್ಟು ಲಾ ಕಾಲೇಜು ರಸ್ತೆಯ ಸಂಗ್ರಹಾಲಯಕ್ಕೆ ತಿಳಿಸಿರಿ.