ಎರೆಯ ನಾಡಿನಲ್ಲಿ ಮಾಗಿಯ ಸಂಚಾರ

ಮಾಗಿಯ ಚಳಿ ಕಾಲಿಟ್ಟಿತೆಂದರೆ ಪಟ್ಟಣಗಳ ವಾಹನಪ್ರಿಯರಿಗೆ ಹೆದ್ದಾರಿಯ ಮೇಲೆ ಬೇಸರ ಹುಟ್ಟುತ್ತದೆ. ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಬಲ ಹರಿಯುವ ಜೀಪುಗಳುಳ್ಳವರು ಕೂಟ ಕಟ್ಟಿಕೊಂಡು, ಡಾಂಬರು ಮುಗಿದಲ್ಲಿಂದ ಮುಂದೆ ಏನಿದೆಯೆಂದು ನೋಡಹೊರಡುತ್ತಾರೆ. ಹಳ್ಳ, ಕೊರಕಲು, ಮಡ್ಡಿ, ಕೆಸರು ಇವೆಲ್ಲ ಇತರರಿಗೆ ಅಡ್ಡಿಯಾದರೆ ಇವರಿಗೆ ಆಮಂತ್ರಣ. ಈ ವಿನೋದಕ್ಕೆ ‘ಆಫ್ ರೋಡ್’ ಎಂದು ಹೆಸರು. ರಸ್ತೆಯ ಹೊರಗೆ ಎಂದು ಅರ್ಥ. ಇದನ್ನು ಹುಡುಗಾಟವೆಂದು ತಳ್ಳಿಹಾಕುವ ಹಿರಿಯರುಂಟು; ನಾನು ಆ ಪಂಕ್ತಿಯವನಲ್ಲ. ನೆಲದ ಗುಣವನ್ನು ಮೈಯಿಂದಲೇ ಅರಿಯುವ ವಿದ್ಯೆ ಯಾವುದಿದ್ದರೂ ಅದು ಗೌರವಕ್ಕೆ ಪಾತ್ರವಾದುದೇ. ಆದರೆ ಆ ಹೆಸರನ್ನು ಹೊತ್ತುಕೊಂಡು ಆಳಂದ ತಾಲ್ಲೂಕಿನ ಮಾದನಹಿಪ್ಪರಗಾದಂಥ ಊರಿಗೆ ಬಂದರೆ ಒಂದು ತೊಡಕು ಎದುರಾಗುತ್ತದೆ. ಅಲ್ಲಿ ರಸ್ತೆಯ ಹೊರಗೆ ಎಂಬ ಸ್ಥಳವೇ ಇಲ್ಲ. ಡಾಂಬರು ಮುಗಿದಲ್ಲಿ ಬಂಡಿದಾರಿ, ಬಂಡಿದಾರಿ ಮುಗಿದಲ್ಲಿ ಕಾಲ್ದಾರಿ, ಅದೂ ಮುಗಿದಲ್ಲಿ ಯಾರದೋ ಹೊಲದ ಬದು. ಪಟ್ಟಣದವನು ‘ದಾರಿಯಲ್ಲ’ ಎಂದು ಕರೆಯುವುದರ ಮೇಲೆ ಒಬ್ಬ ರೈತ ದಿನವೂ ಎರಡು ಸಲ ನಡೆದುಹೋಗುತ್ತಾನೆ.

ದಾರಿಯನ್ನು ಸೂಚಿಸುವ ಮಾತುಗಳಿಗೆ ಕನ್ನಡದಲ್ಲಿ ಬಡತನವಿಲ್ಲ. ಹಾದಿ, ಜಾಡು, ಓಣಿ, ಕಾಲ್ದಾರಿ, ಚಕ್ಕಡಿ ದಾರಿ, ಒಳದಾರಿ. ಹಳಗನ್ನಡಕ್ಕೆ ಹೋದರೆ ‘ಬಟ್ಟೆ’. ಇಂದಿನ ವಿದ್ಯಾರ್ಥಿ ಈ ಕೊನೆಯ ಶಬ್ದವನ್ನು ಕಂಡು ಅರಿವೆಯೆಂದು ಬಗೆದು ಕಾವ್ಯಾರ್ಥವನ್ನು ಕೆಡಿಸಿಕೊಳ್ಳುವುದು ತರಗತಿಗಳಲ್ಲಿ ನಿತ್ಯದ ಸಂಗತಿ. ಇಷ್ಟು ಶಬ್ದಗಳಿದ್ದೂ ‘ದಾರಿಯಲ್ಲದ್ದು’ ಎಂಬುದಕ್ಕೆ ನಮ್ಮಲ್ಲಿ ಒಂದು ಒಳ್ಳೆಯ ಪದವಿಲ್ಲ. ‘ಅಡ್ಡದಾರಿ’ ಎಂದರೆ ನಡತೆಗೆ ಕುಂದು ಬರುತ್ತದೆ!

2024ರ ಕೊನೆಯಲ್ಲಿ ಇಂಥ ಒಂದು ಕೂಟ ಮಾದನಹಿಪ್ಪರಗಾದಿಂದ ಸಂಚಾರ ಹೊರಡಲು ಯೋಜನೆ ಹಾಕಿತು. ಅದರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಮೂರು ನಾಲ್ಕು ಮಂದಿ ಇದ್ದುದರಿಂದ ಯೋಜನೆಯ ಕಾಗದಗಳು ನನ್ನ ಮೇಜಿಗೂ ಬಂದವು. ಏಳು ವಾಹನಗಳು, ಮೂರು ದಿನ. ಆಳಂದ ಸೀಮೆಯ ಎರೆಹೊಲಗಳ ನಡುವಿನಿಂದ ಇಳಿದು, ಅಮರ್ಜಾ ನದಿಯ ಮಗ್ಗುಲು ಹಿಡಿದು, ಅದು ಭೀಮೆಯನ್ನು ಕೂಡುವ ಅಫಜಲಪುರ ತಾಲ್ಲೂಕಿನ ಗಾಣಗಾಪುರವನ್ನು ಮುಟ್ಟಿ, ಹೊಳೆ ದಾಟಿ ಜೇವರ್ಗಿಯ ಕಡೆಗೆ ಹೋಗುವುದು ಅವರ ಉದ್ದೇಶ. ಆರಿಸಿಕೊಂಡ ದಿನಗಳು ಡಿಸೆಂಬರ್ 28, 29, 30. ಶನಿವಾರ, ಭಾನುವಾರ, ಅದರ ಮೇಲೆ ಒಂದು ದಿನದ ರಜೆ. ನೌಕರಿಯಲ್ಲಿರುವವರಿಗೆ ಇದಕ್ಕಿಂತ ಅನುಕೂಲವಾದ ಲೆಕ್ಕವಿಲ್ಲ.

ವಾಹನಗಳ ಮಟ್ಟಿಗೆ ಅವರ ಸಿದ್ಧತೆ ಮೆಚ್ಚುವಂತಿತ್ತು. ಎಳೆಯುವ ಹಗ್ಗ, ಕೊಂಡಿ, ಗುದ್ದಲಿ, ಹೆಚ್ಚಿನ ಗಾಲಿ, ಗಾಳಿ ತುಂಬುವ ಯಂತ್ರ, ಔಷಧದ ಪೆಟ್ಟಿಗೆ ಎಲ್ಲವೂ ಪಟ್ಟಿಯಲ್ಲಿದ್ದವು. ಆದರೆ ಆ ಪಟ್ಟಿ ಬೇರೆ ಯಾವುದೋ ನೆಲಕ್ಕೆ ಬರೆದದ್ದು. ಉದಾಹರಣೆಗೆ ವಿಂಚು. ಸಿಕ್ಕಿಬಿದ್ದ ವಾಹನ ಉಕ್ಕಿನ ಹಗ್ಗವನ್ನು ಎದುರಿನ ಮರಕ್ಕೆ ಬಿಗಿದು ತನ್ನನ್ನು ತಾನೇ ಎಳೆದುಕೊಳ್ಳುವ ಸಾಧನವಿದು. ಮಲೆನಾಡಿನಲ್ಲಿ ಇದು ದೇವರಂತೆ ಕಾಯುತ್ತದೆ. ಎರೆಯ ಬಯಲಿನಲ್ಲಿ ಮರವೆಲ್ಲಿದೆ? ಬದುವಿನ ಮೇಲೆ ಒಂದು ಬೇವು, ದೂರದಲ್ಲಿ ಒಂದು ಬನ್ನಿ, ಹಳ್ಳದ ದಂಡೆಗೆ ನಾಲ್ಕು ಜಾಲಿ, ಅಷ್ಟೆ. ಇಲ್ಲಿ ವಾಹನಕ್ಕೆ ವಾಹನವೇ ಆಧಾರ. ಆದುದರಿಂದ ಒಂಟಿಯಾಗಿ ಮುನ್ನುಗ್ಗುವ ಉತ್ಸಾಹಿಯನ್ನು ಮೊದಲು ತಡೆಯಬೇಕು.

ಗಾಲಿಯ ಗಾಳಿಯದೂ ಹೀಗೆಯೇ. ಮೆತ್ತನೆಯ ನೆಲದಲ್ಲಿ ಗಾಳಿಯನ್ನು ಇಳಿಸಿದರೆ ಗಾಲಿ ಅಗಲವಾಗಿ ಹರಡಿ ಹಿಡಿತ ಹೆಚ್ಚುತ್ತದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಡಿಸೆಂಬರಿನ ನಡುವಿನಿಂದ ಜನವರಿಯವರೆಗೆ ಈ ಭಾಗದಲ್ಲಿ ತೊಗರಿಯ ಕಟಾವು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತ ಸಂಗತಿಯನ್ನು ವಾಚಕರು ಬಲ್ಲರು. ಅದರ ಕೂಳೆಯ ಗುಣವನ್ನು ಬಲ್ಲವರು ಕಡಮೆ. ಕುಡುಗೋಲು ಓರೆಯಾಗಿ ಕಡಿದುಬಿಟ್ಟ ತೊಗರಿಯ ಬುಡ ಒಣಗಿತೆಂದರೆ ಗೂಟವೇ ಸರಿ. ಟ್ರ್ಯಾಕ್ಟರಿನ ದಪ್ಪ ಗಾಲಿಯನ್ನೂ ಅದು ಬಿಡುವುದಿಲ್ಲ. ಗಾಳಿ ಇಳಿಸಿದ ಗಾಲಿಯ ಮಗ್ಗುಲು ಹೊರಕ್ಕೆ ಉಬ್ಬಿ ಈ ಗೂಟಗಳಿಗೆ ತಾನಾಗಿ ಎದೆಯೊಡ್ಡುತ್ತದೆ, ಮಗ್ಗುಲು ಹರಿದರೆ ತೇಪೆ ನಿಲ್ಲದು. ಕೆಸರಿಗೆ ಹಿತವಾದದ್ದು ಕೂಳೆಗೆ ಅಹಿತ. ಎರಡೂ ಒಂದೇ ಫರ್ಲಾಂಗಿನೊಳಗೆ ಎದುರಾಗುವುದೇ ಇಲ್ಲಿಯ ನಿಜವಾದ ಕಷ್ಟ.

ಇನ್ನು ನೆಲದ ಮಾತು. ದಖ್ಖನಿನ ಕಪ್ಪು ಶಿಲೆ ಲಕ್ಷಾಂತರ ವರ್ಷ ಸವೆದು ಆದ ಮಣ್ಣಿದು. ಇದರೊಳಗಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯ ಹೊತ್ತಿಗೆ ಬಿರುಕುಗಳೊಳಗೆ ಮೊಳಕೈ ಇಳಿಸಬಹುದು. ಮಾಗಿಯಲ್ಲಿ ಈ ಮಣ್ಣು ಎರಡು ಮನಸ್ಸಿನದು: ಮೇಲೆ ಒಣಗಿದ ಹಕ್ಕಳೆ, ಅದರ ಕೆಳಗೆ ಹಸಿ. ಎತ್ತಿನ ಗೊರಸಿಗೆ ಹೊರುವ ಹಕ್ಕಳೆ ಎರಡು ಟನ್ನಿನ ಜೀಪಿಗೆ ಹೊರಬೇಕೆಂಬ ನಿಯಮವಿಲ್ಲ. ಅದರ ಮೇಲೆ ಬಂಗಾಳ ಕೊಲ್ಲಿಯ ಕಾಟ. ನವೆಂಬರ್, ಡಿಸೆಂಬರುಗಳಲ್ಲಿ ಪೂರ್ವ ಕರಾವಳಿಯನ್ನು ತಾಕುವ ಚಂಡಮಾರುತಗಳ ಮೋಡ ಕೆಲವೊಮ್ಮೆ ಇಲ್ಲಿಯವರೆಗೂ ಬಂದು ನಿಲ್ಲುತ್ತದೆ. ಆ ವರ್ಷವೇ ನವೆಂಬರ್ 30ರಂದು ‘ಫೆಂಗಲ್’ ಪುದುಚೇರಿಯ ಬಳಿ ದಡ ಸೇರಿತ್ತು. ಅರ್ಧ ಗಂಟೆಯ ಜಡಿ ಸಾಕು. ಗಾಲಿಯ ಹಲ್ಲುಗಳ ಸಂದಿಯಲ್ಲಿ ಎರೆ ತುಂಬಿ ಅದು ಹಲ್ಲಿಲ್ಲದ ಉರುಳೆಯಾಗುತ್ತದೆ. ಆಗ ಮಾಡತಕ್ಕದ್ದು ಒಂದೇ: ಎಂಜಿನ್ನನ್ನು ನಿಲ್ಲಿಸಿ, ಇದ್ದಲ್ಲಿಯೇ ಉಳಿದು, ಬಿಸಿಲನ್ನು ಕಾಯುವುದು. ಈ ಕಾಯುವ ಒಂದು ದಿನ ಯೋಜನೆಯಲ್ಲಿ ಇರಲಿಲ್ಲ.

ಹಗಲಿನ ಲೆಕ್ಕವೂ ಸಣ್ಣದಲ್ಲ. ಡಿಸೆಂಬರಿನಲ್ಲಿ ಬೆಳಕಿರುವುದು ಸುಮಾರು 11 ಗಂಟೆ. ಬಂಡಿದಾರಿಯಲ್ಲಿ ಗಂಟೆಗೆ 10-12 ಕಿಲೋಮೀಟರು ಸಾಗಿದರೆ ಅದೇ ಭಾಗ್ಯ. ಊಟ, ದಾರಿ ವಿಚಾರಣೆ, ಒಬ್ಬನ ಗಾಲಿ ಕೆಟ್ಟರೆ ಎಲ್ಲರೂ ನಿಲ್ಲುವ ಹೊತ್ತು, ಇವನ್ನೆಲ್ಲ ಕಳೆದರೆ ದಿನಕ್ಕೆ 50 ಕಿಲೋಮೀಟರಿಗಿಂತ ಹೆಚ್ಚು ಬರೆದುಕೊಳ್ಳುವುದು ಕಾಗದದ ಶೌರ್ಯ.

ಹೊಳೆ ದಾಟುವ ವಿಷಯದಲ್ಲಿ ಹಿರಿಯರ ನೆನಪನ್ನು ನಂಬುವಂತಿಲ್ಲ. ಮಾಗಿಯಲ್ಲಿ ಭೀಮೆ ಮೊಳಕಾಲುದ್ದವೆಂದು ಮುದುಕರು ಹೇಳುವುದು ಅವರ ಕಾಲಕ್ಕೆ ಸತ್ಯ. ಈಗ ಸೊನ್ನದ ಬ್ಯಾರೇಜು ಮೊದಲಾದ ಕಟ್ಟೆಗಳಲ್ಲಿ ಮಳೆಗಾಲ ತೀರಿದ ಮೇಲೆ ಬಾಗಿಲುಗಳನ್ನು ಮುಚ್ಚಿ ನೀರು ನಿಲ್ಲಿಸುತ್ತಾರೆ. ಹಳೆಯ ದಾಟುಗಳು ಅದರ ಹಿನ್ನೀರಿನಲ್ಲಿ ಅಡಗಿರುತ್ತವೆ. 2020ರ ಅಕ್ಟೋಬರಿನ ಮಹಾಪೂರ ದಂಡೆಗಳ ಆಕಾರವನ್ನೇ ಅಲ್ಲಲ್ಲಿ ತಿದ್ದಿತು. ಸೇತುವೆಯ ಮೇಲೆ ಹೋಗುವುದರಿಂದ ಸಾಹಸಕ್ಕೆ ಕುಂದೆಂದು ಭಾವಿಸುವವನನ್ನು ಮನೆಯಲ್ಲಿಯೇ ಬಿಟ್ಟು ಹೊರಡುವುದು ಮೇಲು.

ಮಾಗಿಯ ಸಂಚಾರವೇನೂ ಈ ನಾಡಿಗೆ ಹೊಸದಲ್ಲ. 1841ರಿಂದ ಹನ್ನೆರಡು ವರ್ಷ ಸುರಪುರದಲ್ಲಿದ್ದ ಮೆಡೋಸ್ ಟೇಲರ್, ಜೇವರ್ಗಿಯ ಬಳಿ ಭೀಮೆಯ ಸೀಮೆಯಲ್ಲಿ ಬೃಹತ್ ಶಿಲೆಗಳ ಪ್ರಾಚೀನ ಗೋರಿಗಳನ್ನು ಶೋಧಿಸಿದನು. ಆ ಕಾಲದ ಅಧಿಕಾರಿಗಳಿಗೆ ಚಳಿಗಾಲವೆಂದರೆ ಡೇರೆ ಹೊತ್ತು ಊರೂರು ತಿರುಗುವ ಕಾಲ. ಆಮೇಲೆ ನಿಜಾಮರ ಕರೋಡಗಿರಿ, ಎಂದರೆ ಸುಂಕದ ಇಲಾಖೆ ಇದ್ದ ದಿನಗಳಲ್ಲಿ, ನಾಕಾ ತಪ್ಪಿಸಿ ಸರಕು ದಾಟಿಸುವವರಿಗೆ ಗಡಿಯ ಒಳದಾರಿಗಳು ಕತ್ತಲೆಯಲ್ಲಿಯೂ ಪರಿಚಿತವಾಗಿದ್ದವು. ಮಾದನಹಿಪ್ಪರಗಾದಿಂದ ಮಹಾರಾಷ್ಟ್ರದ ಅಕ್ಕಲಕೋಟೆಯ ಸೀಮೆ ದೂರವಲ್ಲ. ಹೊಲದ ಬದುವೊಂದನ್ನು ದಾಟಿದರೆ ರಾಜ್ಯ ಬದಲಾಗುತ್ತದೆ, ಭಾಷೆ ಬದಲಾಗುವುದಿಲ್ಲ. ಇವರಿಗಿಂತ ನಮಗೆ ಹತ್ತಿರದ ಮಾದರಿ ಜಾತ್ರೆಗೆ ಹೊರಡುತ್ತಿದ್ದ ಬಂಡಿಗಳ ಸಾಲು. ದಾರಿ ಬಲ್ಲ ಹಳೆಯ ಎತ್ತುಗಳ ಬಂಡಿ ಮುಂದೆ, ಗಟ್ಟಿ ಎತ್ತುಗಳ ಬಂಡಿ ಕೊನೆಗೆ, ಮಕ್ಕಳೂ ಮುದುಕರೂ ನಡುವೆ. ಕೀಲೆಣ್ಣೆ, ಹೆಚ್ಚಿನ ಕಡಾಣಿ, ಎರಡು ಮಾರು ಮಿಣಿ ಪ್ರತಿ ಬಂಡಿಯಲ್ಲಿಯೂ ಇರಲೇಬೇಕು. ಇಂದಿನ ಕೂಟಗಳು ಇಂಗ್ಲಿಷ್ ಕೈಪಿಡಿಗಳಿಂದ ಕಲಿಯುವ ಸಾಲಿನ ಶಿಸ್ತು ಇದೇ.

ಯೋಜನೆಯ ಮುಖ್ಯ ತೊಡಕು ಮಾತ್ರ ಮಣ್ಣಿನಲ್ಲಿಯೂ ಇರಲಿಲ್ಲ, ನೀರಿನಲ್ಲಿಯೂ ಇರಲಿಲ್ಲ, ಪಂಚಾಂಗದಲ್ಲಿತ್ತು. ಡಿಸೆಂಬರ್ 30, ಸೋಮವಾರ, ಎಳ್ಳು ಅಮಾವಾಸ್ಯೆ. ಈ ಹಬ್ಬದ ದಿನ ಕಲಬುರಗಿ ಸೀಮೆಯ ಊರುಗಳಲ್ಲಿ ಮನೆಗಳಿಗೆ ಬೀಗ. ಎತ್ತುಗಳನ್ನು ಸಿಂಗರಿಸಿ, ಬಂಡಿ ಹೂಡಿ, ಸಜ್ಜೆಯ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆಗಳ ಬುತ್ತಿ ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ನಡೆಯುತ್ತದೆ. ಭೂಮಿತಾಯಿಗೆ ಪೂಜೆ, ಬೆಳೆಗೆಲ್ಲ ಚರಗ ಚೆಲ್ಲುವುದು, ಬಂಧುಬಳಗದ ಊಟ. ಕೂಟದವರು ನಿರ್ಜನವೆಂದು ನಕ್ಷೆಯಲ್ಲಿ ಗೆರೆಯೆಳೆದ ಪ್ರತಿ ಬಂಡಿದಾರಿಯೂ ಆ ದಿನ ವರ್ಷದಲ್ಲಿಯೇ ಅತ್ಯಂತ ಜನಭರಿತ. ಬೆದರುವ ಎತ್ತು, ಬಂಡಿಯ ತುಂಬ ಹೆಂಗಸರು ಮಕ್ಕಳು, ಎದುರಿಗೆ ಏಳು ಜೀಪುಗಳ ಗರ್ಜನೆ. ಮುಂದಿನದನ್ನು ಊಹಿಸಲು ಕವಿಯಾಗಬೇಕಿಲ್ಲ.

ಈ ಮಾತನ್ನು ತಿಳಿಸಿದಾಗ ಕೂಟದಲ್ಲಿ ಎರಡು ಪಕ್ಷವಾಯಿತು. ತಿಂಗಳುಗಟ್ಟಲೆ ಕಾದು ಪಡೆದ ರಜೆಯನ್ನು ಬಿಡಲಾಗದೆಂದು ಕೆಲವರು. ಬಂಡಿದಾರಿ ಸಾರ್ವಜನಿಕವಾದುದು, ಅಲ್ಲಿ ಎಲ್ಲರಿಗೂ ಹಕ್ಕಿದೆಯೆಂದು ಒಬ್ಬ ವಕೀಲರು. ವಾದ ತಪ್ಪಲ್ಲ. ಆದರೆ ಬಂಡಿಯ ಅಗಲಕ್ಕೆ ಬಿಟ್ಟ ದಾರಿಯಲ್ಲಿ ಎರಡು ವಾಹನ ಎದುರಾದರೆ ಒಂದು ಬೆಳೆಯೊಳಗೆ ಇಳಿಯಲೇಬೇಕು. ಆ ಬೆಳೆ ಹಿಂಗಾರಿ ಬಿಳಿಜೋಳ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತಿದ ಮೇಲೆ ಅದಕ್ಕೆ ಮಳೆಯ ಭರವಸೆಯಿಲ್ಲ. ಎರೆ ತನ್ನೊಳಗೆ ಹಿಡಿದಿಟ್ಟುಕೊಂಡ ತೇವವೇ ಫೆಬ್ರವರಿಯ ರಾಶಿಯವರೆಗೆ ಅದರ ಜೀವ. ಬಿರುಕಿನ ಮೂಲಕ ಆ ತೇವ ಹಾರಿಹೋಗಬಾರದೆಂದು ರೈತ ಸಾಲುಗಳ ನಡುವೆ ಎಡೆ ಹೊಡೆದು ಮಣ್ಣು ಮುಚ್ಚುತ್ತಾನೆ. ಗಾಲಿ ಅದೇ ಮಣ್ಣನ್ನು ಇಟ್ಟಿಗೆಯಂತೆ ಒತ್ತಿ ಹೋಗುತ್ತದೆ.

ದಾರಿ ನೋಡಿಬರಲು ಮೊದಲೇ ಹೋಗಿದ್ದಾಗ ಹೊಲದ ಮೂಲೆಯಲ್ಲಿ ಕುಳಿತಿದ್ದ ಹಿರಿಯ ರೈತರೊಬ್ಬರು ನಮ್ಮ ಪ್ರಶ್ನೆಗಳನ್ನೆಲ್ಲ ತಾಳ್ಮೆಯಿಂದ ಕೇಳಿ ಹೇಳಿದರು: “ಮಾಸ್ತರ್ರೇ, ಗಾಡಿ ಸಿಕ್ಕೊಂಡ್ರ ನಮ್ಮ ಎತ್ತ ಕಟ್ಟಿ ಎಳೀತೀವ್ರಿ, ಅದಕ್ಕೇನು ಬ್ಯಾಡ ಅನ್ನಂಗಿಲ್ಲ. ಬೆಳಿ ಮ್ಯಾಲ ಹಾಯ್ದ ಹೋದ್ರ, ಅದನ್ನ ಏನ ಕಟ್ಟಿ ಎಳೀಬೇಕ್ರಿ?” ಕೋಪದ ಮಾತಲ್ಲ, ಲೆಕ್ಕ ಕೇಳಿದ ಧಾಟಿ. ಆಮೇಲೆ ಅವರೇ ಎದ್ದು, ಮಡ್ಡಿಯ ಮೇಲಿನ ಒಂದು ಹಳೆಯ ಜಾಡನ್ನು ಬೆರಳು ತೋರಿದರು. ಕಲ್ಲು, ಕೊರಕಲು, ಎರಡು ಒಣಹಳ್ಳ, ಬಿತ್ತನೆಯಿಲ್ಲದ ಬಂಜರು. “ಅಲ್ಲಿ ಹೋಗ್ರಿ. ನಿಮ್ಮ ಗಾಡಿ ತಾಕತ್ತ ಎಷ್ಟದ ಅನ್ನೂದು ಅಲ್ಲಿ ತಿಳೀತದ.” ಕೂಟದ ನಕ್ಷೆಯಲ್ಲಿ ಇಲ್ಲದ ಆ ಜಾಡು ನಕ್ಷೆಯಲ್ಲಿದ್ದ ಎಲ್ಲ ದಾರಿಗಳಿಗಿಂತ ಕಠಿಣವಾದುದೆಂದು ನೋಡಿದೊಡನೆಯೇ ತಿಳಿಯಿತು.

ಕೊನೆಗೆ ಸಂಚಾರವನ್ನು ಜನವರಿ 11, 12ಕ್ಕೆ, ಎರಡನೆಯ ಶನಿವಾರ ಮತ್ತು ಭಾನುವಾರಕ್ಕೆ, ಮುಂದೂಡಿದರು. ಅಮರ್ಜಾ ದಂಡೆಯ ಜೋಳದ ಹೊಲಗಳ ನಡುವಿನ ದಾರಿಯನ್ನು, ಅದರ ಚೆಲುವಿಗಾಗಿಯೇ ಅನೇಕರು ಒಪ್ಪಿ ಬಂದಿದ್ದರೂ, ಪೂರ್ತಿ ಕೈಬಿಟ್ಟರು. ಒಣಗಿದ ತೊಗರಿಯ ಗೂಡುಗಳ ಬಳಿ ಕಾದ ಹೊಗೆನಳಿಗೆಯ ವಾಹನವನ್ನು ನಿಲ್ಲಿಸಕೂಡದೆಂದೂ, ಮಳೆ ಬಿದ್ದರೆ ಒಂದು ದಿನ ಕದಲಕೂಡದೆಂದೂ, ಭೀಮೆಯನ್ನು ಸೇತುವೆಯ ಮೇಲೆಯೇ ದಾಟತಕ್ಕದ್ದೆಂದೂ ಬರೆದುಕೊಂಡರು. ಮೂವರು ಒಪ್ಪದೆ ಹಿಂದೆ ಸರಿದರು, ವಕೀಲರು ಉಳಿದರು. ಏಳು ವಾಹನಗಳು ನಾಲ್ಕಾದವು. ಸಾಲಿನಲ್ಲಿ ಮುಂದೆ ಯಾರಿರಬೇಕೆಂಬ ಚರ್ಚೆ ಎರಡು ಸಂಜೆ ನಡೆದು, ಆ ಸ್ಥಾನ ಯಾವ ಜೀಪಿಗೂ ದಕ್ಕದೆ, ಮಡ್ಡಿಯ ಜಾಡು ಬಲ್ಲ ಮಾದನಹಿಪ್ಪರಗಾದ ಒಬ್ಬ ತರುಣ ರೈತನ ಮೋಟಾರ್ ಸೈಕಲ್ಲಿಗೆ ಸಂದಿತು. ಅವನ ಎರಡು ದಿನದ ಕೂಲಿಯನ್ನೂ ಪೆಟ್ರೋಲನ್ನೂ ಖರ್ಚಿನ ಪಟ್ಟಿಯ ಮೊದಲ ಸಾಲಿನಲ್ಲಿ ಬರೆದುಕೊಂಡರು.