ಕೆರೆಗೆ ಕೊಟ್ಟ ಹಣ, ಕಚೇರಿಯ ನಡವಳಿಕೆ

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ (ಸಿಎಸ್‌ಆರ್) ವೆಚ್ಚ ಮಾಡಬೇಕು. ನೌಕರರಿಗಷ್ಟೇ ಅನುಕೂಲವಾಗುವ ಕೆಲಸ ಈ ಲೆಕ್ಕಕ್ಕೆ ಬರುವುದಿಲ್ಲ. ಹಾಗಾದರೆ ಯಾವುದೋ ಊರಿನ ಕೆರೆಯ ಹೂಳೆತ್ತಲು ಕೊಟ್ಟ ಹಣ ಕಚೇರಿಯೊಳಗಿನವರ ನಡವಳಿಕೆಯನ್ನು ಬದಲಿಸುವುದು ಹೇಗೆ? ಸಂಶೋಧಕರು ಗುರುತಿಸುವ ಮುಖ್ಯ ಕೊಂಡಿ ಅಭಿಮಾನ. ಸಂಸ್ಥೆ ಮನಸಾರೆ ಒಳ್ಳೆಯದು ಮಾಡುತ್ತಿದೆ ಎಂದು ನಂಬಿದವರು ಅದರ ಮೌಲ್ಯವನ್ನು ತಮ್ಮದಾಗಿಸಿಕೊಳ್ಳುತ್ತಾರೆ. ಸಭೆ ಮುಗಿದ ಕೋಣೆಯ ಎ.ಸಿ. ಆರಿಸುವುದು, ಹಾಳೆಯ ಎರಡೂ ಬದಿ ಮುದ್ರಿಸುವುದು, ಡಬ್ಬಿಯಲ್ಲಿ ಉಳಿದ ಅನ್ನವನ್ನು ಹಸಿ ಕಸದ ಬುಟ್ಟಿಗೇ ಹಾಕುವುದು ಆಗ ಯಾರೂ ಹೇಳದೆಯೇ ನಡೆಯುತ್ತವೆ.

ಇದೆಲ್ಲ ಮನೆಯಲ್ಲಿ ಕಲಿಯುವ ಸಂಸ್ಕಾರ, ಕಂಪನಿಯ ಪಾತ್ರವೇನು ಎಂಬ ಆಕ್ಷೇಪದಲ್ಲಿ ನಿಜವಿದೆ. ಆದರೆ ಕಚೇರಿಯ ಕರೆಂಟ್ ಬಿಲ್ ಯಾರ ಜೇಬಿಗೂ ತಟ್ಟುವುದಿಲ್ಲ. ಅಲ್ಲಿ ಆ ಅಭ್ಯಾಸ ಉಳಿಯಬೇಕಾದರೆ ಸುತ್ತಲಿನವರ, ಅದರಲ್ಲೂ ಮೇಲಧಿಕಾರಿಗಳ ನಡೆ ಜೊತೆಗಿರಬೇಕು. ಸಿಎಸ್‌ಆರ್ ಬರೀ ಪ್ರಚಾರ ಎನ್ನುವವರ ಮಾತಂತೂ ಇನ್ನೂ ಗಂಭೀರ. ಪರಿಸರ ದಿನವಾದ ಜೂನ್ 5ರಂದು ಸಸಿ ನೆಟ್ಟವರು ಅದೇ ದಿನದ ಸಭೆಯಲ್ಲಿ ಪ್ಲಾಸ್ಟಿಕ್ ಬಾಟಲಿ ಹಂಚಿದರೆ, ಆ ಪೊಳ್ಳುತನ ಮೊದಲು ಕಾಣುವುದು ನೌಕರರಿಗೇ. ಅಭಿಮಾನವಿದ್ದ ಜಾಗದಲ್ಲಿ ತಾತ್ಸಾರ ಬೆಳೆಯುತ್ತದೆ. ಇದನ್ನು ತಪ್ಪಿಸಲು ನೌಕರರನ್ನೂ ಒಳಗೊಳ್ಳಬಹುದು. ಯೋಜನೆ ಆರಿಸುವುದು ಸಾಮಾನ್ಯವಾಗಿ ನಿರ್ದೇಶಕರ ಸಮಿತಿ. ಅದಕ್ಕೆ ಮೊದಲು ನೌಕರರ ಅಭಿಪ್ರಾಯ ಕೇಳಲು ಕಾಯ್ದೆಯಲ್ಲಿ ಯಾವ ಅಡ್ಡಿಯೂ ಇಲ್ಲ.