ಲೆವೆಲರ್ ಬ್ಲೇಡಿನ ಕೆಳಗಿನ ಪಟ್ಟಿ ನೋಡಿದ್ರಾ?

ಮಂಡ್ಯ ಕಡೆ ಟ್ರ್ಯಾಕ್ಟರ್ ಇರೋ ಮನೆಗೆ ಹೋಗಿ, ಎಂಜಿನ್ ಆಯಿಲ್ ಯಾವಾಗ ಬದಲಾಯಿಸಿದ್ರಿ ಅಂತ ಕೇಳಿ. ತಿಂಗಳು ಸಮೇತ ಹೇಳ್ತಾರೆ. ಹಿಂದೆ ಕಟ್ಟುವ ಲೆವೆಲರ್ ಬ್ಲೇಡನ್ನು ಕೊನೆಯ ಸಲ ಬಗ್ಗಿ ನೋಡಿದ್ದು ಯಾವಾಗ ಅಂತ ಕೇಳಿದ್ರೆ ಮಾತ್ರ ನಿಮ್ಮನ್ನೇ ವಿಚಿತ್ರವಾಗಿ ನೋಡ್ತಾರೆ. ನಮ್ಮಪ್ಪನ ಉತ್ತರ ಹೀಗಿತ್ತು: "ಅದ್ರಲ್ಲೇನೈತ್ಲಾ ನೋಡಕ್ಕೆ? ಕಬ್ಬಿಣದ ಹಲಗೆ ಅದು."

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಓದಿದ್ದು ಮೆಕ್ಯಾನಿಕಲ್, ಕೆಲಸ ಕೋಡ್ ಬರೆಯೋದು. ನಿಮ್ಮಲ್ಲಿ ಅರ್ಧ ಜನರ ಕಥೆಯೂ ಇದೇ ಇರಬೇಕು. ಊರು ಮಳವಳ್ಳಿ ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ. ಎರಡೂವರೆ ಎಕರೆ ಗದ್ದೆ, ಒಂದು ಮಿನಿ ಟ್ರ್ಯಾಕ್ಟರ್, 63 ವರ್ಷದ ಅಪ್ಪ. ತಿಂಗಳಿಗೆ ಎರಡು ಸಲ ಊರಿಗೆ ಹೋಗುವ ನನ್ನ ಪಾಲಿಗೆ ಬಂದಿರೋದು ಈ ಬ್ಲೇಡಿನ ಉಸ್ತುವಾರಿ.

ನಾಲೆಯ ಕೊನೆ ಭಾಗ ಅಂದ್ರೆ ಏನು ಅಂತ ಮದ್ದೂರು, ಮಳವಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕೆಆರ್‌ಎಸ್ 124.80 ಅಡಿ ತುಂಬಿದ ವರ್ಷವೂ ನಮ್ಮ ತೂಬಿಗೆ ನೀರು ಬರೋದು ಎಲ್ಲರಿಗಿಂತ ತಡವಾಗಿ. 2023ರಲ್ಲಿ ಅಣೆಕಟ್ಟೆ ತುಂಬಲೇ ಇಲ್ಲ. ಕಟ್ಟು ಪದ್ಧತಿಯಲ್ಲಿ ಇಷ್ಟು ದಿನ ನೀರು, ಇಷ್ಟು ದಿನ ಬಂದ್ ಅಂತ ಲೆಕ್ಕ ಇರುತ್ತೆ. ಬಂದಷ್ಟು ನೀರು ಗದ್ದೆ ತುಂಬಾ ಸಮನಾಗಿ ನಿಲ್ಲಬೇಕು. ನಿಲ್ಲುತ್ತಾ?

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಎಕರೆಯಲ್ಲಿ ಒಂದು ಇಂಚು ನೀರು ನಿಲ್ಲಬೇಕು ಅಂದ್ರೆ ಸುಮಾರು 1 ಲಕ್ಷ ಲೀಟರ್ ಬೇಕು. 10 ಗುಂಟೆಯ ಒಂದು ತಾಕು ಇದೆ, ಆ ಬದಿಯಿಂದ ಈ ಬದಿಗೆ 2 ಇಂಚು ಇಳಿಜಾರಿದೆ ಅಂದುಕೊಳ್ಳಿ. ಎತ್ತರದ ಬದಿಯ ಪೈರಿನ ಬುಡ ನೆನೆಯುವ ಹೊತ್ತಿಗೆ ತಗ್ಗಿನ ಬದಿಯಲ್ಲಿ 2 ಇಂಚು ನಿಂತಿರುತ್ತೆ. ಸರಾಸರಿ ಒಂದು ಇಂಚು ಹೆಚ್ಚುವರಿ, ಅಂದ್ರೆ 25,000 ಲೀಟರ್ ಬರೀ ತಗ್ಗು ತುಂಬೋಕೆ ಹೋಯ್ತು. ಬೆಂಗಳೂರು ಭಾಷೆಯಲ್ಲಿ ಹೇಳೋದಾದ್ರೆ 12,000 ಲೀಟರಿನ ಎರಡು ಟ್ಯಾಂಕರ್. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕೊಟ್ಟ ದುಡ್ಡು ನೆನಪಿರೋರಿಗೆ ಇದು ಬೇಗ ಅರ್ಥವಾಗುತ್ತೆ. ನೀರು ನಿಲ್ಲದ ದಿಬ್ಬದಲ್ಲಿ ಕಳೆ ಏಳೋದು ಬೇರೆ.

ಈ ಇಳಿಜಾರು ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬ್ಲೇಡು.

ಲೆವೆಲರ್ ಅಂದ್ರೆ ಎರಡು ಭಾಗ. ಮಣ್ಣು ತಳ್ಳುವ ಬಾಗಿದ ದೊಡ್ಡ ತಗಡು ಒಂದು. ಅದರ ಕೆಳ ಅಂಚಿಗೆ ಬೋಲ್ಟ್ ಹಾಕಿ ಕೂರಿಸಿದ ದಪ್ಪ ಉಕ್ಕಿನ ಪಟ್ಟಿ ಇನ್ನೊಂದು. ನೆಲಕ್ಕೆ ತಾಗೋದು, ಸವೆಯೋದು ಈ ಪಟ್ಟಿ. ಅದು ಸವೆಯಲಿ ಅಂತಲೇ ಹಾಕಿರೋದು, ನಿಮ್ಮ ಬೈಕಿನ ಬ್ರೇಕ್ ಪ್ಯಾಡ್ ಥರ. ಪ್ಯಾಡ್ ಮುಗಿದ ಮೇಲೂ ಓಡಿಸಿದ್ರೆ ಡಿಸ್ಕ್ ಹೋಗುತ್ತಲ್ಲ, ಹಾಗೇ ಇಲ್ಲಿ ಪಟ್ಟಿ ಮುಗಿದ ಮೇಲೆ ಬೋಲ್ಟಿನ ತಲೆ ಸವೆಯುತ್ತೆ, ಆಮೇಲೆ ತಗಡೇ ಸವೆಯುತ್ತೆ. ಪಟ್ಟಿ ಬದಲಾಯಿಸೋ ಖರ್ಚಿಗೂ ಇಡೀ ಬ್ಲೇಡಿನ ಖರ್ಚಿಗೂ ಹೋಲಿಕೆಯೇ ಇಲ್ಲ.

ಪಟ್ಟಿ ಎಲ್ಲಾ ಕಡೆ ಒಂದೇ ಸಮ ಸವೆಯಲ್ಲ, ತೊಂದರೆ ಇರೋದೇ ಅಲ್ಲಿ. ಗಾರೆ ಕೆಲಸದವರು ಹಿಡಿಯುವಂಥ ನೂಲನ್ನು ಈ ತುದಿಯಿಂದ ಆ ತುದಿಗೆ ಬಿಗಿಯಾಗಿ ಹಿಡಿದು ನೋಡಿ. ನಮ್ಮದರಲ್ಲಿ ಮಧ್ಯೆ ಒಂದು ಬೆರಳು ತೂರುವಷ್ಟು ಸಂದಿ ಇತ್ತು. ಒಂದು ಬದಿ ಮಾತ್ರ ಸವೆದಿದ್ರೆ ಲಿಫ್ಟ್ ರಾಡ್ ತಿರುಗಿಸಿ ಹೇಗೋ ಸರಿದೂಗಿಸಬಹುದು. ಮಧ್ಯೆ ಸವೆದಿದ್ರೆ ಯಾವ ಅಡ್ಜಸ್ಟ್‌ಮೆಂಟೂ ಇಲ್ಲ, ಹೋದಲ್ಲೆಲ್ಲ ನಡುವೆ ದಿಂಡು ಬಿಟ್ಟುಕೊಂಡೇ ಹೋಗುತ್ತೆ.

ಕೆಲವು ಪಟ್ಟಿಗಳ ಎರಡು ಅಂಚೂ ಉಪಯೋಗಕ್ಕೆ ಬರುತ್ತೆ. ತೂತುಗಳು ಸರಿಯಾಗಿ ನಡುವೆ ಇದ್ರೆ ಬಿಚ್ಚಿ ತಲೆಕೆಳಗು ಮಾಡಿ ಹಾಕಿ, ಇನ್ನೊಂದು ಆಯಸ್ಸು ಸಿಗುತ್ತೆ. ತುಕ್ಕು ಹಿಡಿದ ನಟ್ಟಿಗೆ ಹಿಂದಿನ ರಾತ್ರಿಯೇ ಡೀಸೆಲ್ ಬಿಟ್ಟಿರಬೇಕು. ಬೋಲ್ಟುಗಳನ್ನು ಮಾತ್ರ ಹೊಸದೇ ಹಾಕಿ. ಒಂದು ಗಂಟೆ ಕೆಲಸ ಮಾಡಿದ ಮೇಲೆ ಮತ್ತೊಮ್ಮೆ ಸ್ಪ್ಯಾನರ್ ಹಿಡೀರಿ, ಖಂಡಿತ ಒಂದೆರಡು ಸಡಿಲ ಆಗಿರುತ್ತೆ.

ವೆಲ್ಡಿಂಗ್ ಬಗ್ಗೆ ನನ್ನದೊಂದು ತಕರಾರಿದೆ. ಹಳೇ ಲಾರಿ ಸ್ಪ್ರಿಂಗಿನ ಪಟ್ಟಿ ತಂದು ನೇರವಾಗಿ ಬೆಸುಗೆ ಹಾಕಿಕೊಡೋ ಅಂಗಡಿಗಳು ಎಲ್ಲಾ ಊರಲ್ಲೂ ಇವೆ. ಆ ಉಕ್ಕು ಗಟ್ಟಿ ನಿಜ. ಆದ್ರೆ ಅದನ್ನು ಮೊದಲು ಬಿಸಿ ಮಾಡದೆ ಮಾಮೂಲಿ ರಾಡಿನಲ್ಲಿ ವೆಲ್ಡ್ ಮಾಡಿದ್ರೆ ಬೆಸುಗೆಯ ಪಕ್ಕದಲ್ಲೇ ಸೀಳು ಬಿಡುತ್ತೆ. ನಮ್ಮ ಪಕ್ಕದ ಗದ್ದೆಯವರದ್ದು ಎರಡನೇ ದಿನಕ್ಕೇ ಕಿತ್ತು ಬಂತು. ಬ್ಲೇಡು ಟ್ರ್ಯಾಕ್ಟರಿನಲ್ಲಿ ಇದ್ದಾಗಲೇ ವೆಲ್ಡಿಂಗ್ ಮಾಡಿಸೋದಾದ್ರೆ ಬ್ಯಾಟರಿ ತಂತಿ ತೆಗೆಸಿ, ಅರ್ಥಿಂಗ್ ಕ್ಲಾಂಪನ್ನು ಬ್ಲೇಡಿಗೇ ಹಾಕಿಸಿ. ಇಲ್ಲಾಂದ್ರೆ ಕರೆಂಟು ಬೇರಿಂಗ್ ಮೂಲಕ ಹರಿದು ಅದನ್ನೂ ಹಾಳು ಮಾಡಬಹುದು.

ನಮ್ಮ ದೊಡ್ಡಪ್ಪನ ಮಗ ಅಮೆರಿಕದ ಮಿಷಿಗನ್‌ನಲ್ಲಿದ್ದಾನೆ. ಅವನ ಮನೆಯಲ್ಲೂ ಒಂದು ಪುಟ್ಟ ಟ್ರ್ಯಾಕ್ಟರ್ ಇದೆ. ಬೇಸಿಗೆಯಲ್ಲಿ ಹುಲ್ಲು ಕತ್ತರಿಸೋಕೆ, ಚಳಿಗಾಲದಲ್ಲಿ ಮುಂದೆ ಬ್ಲೇಡ್ ಕಟ್ಟಿ ಮನೆ ಮುಂದಿನ ಹಿಮ ತಳ್ಳೋಕೆ. ವಿಡಿಯೋ ಕಾಲ್‌ನಲ್ಲಿ ಅದನ್ನು ತೋರಿಸಿದಾಗ ಅಪ್ಪ ಫೋನನ್ನೇ ಕಿತ್ತುಕೊಂಡು ನೋಡಿದ್ರು. "ಇದೂ ನಮ್ಮ ಹಲಗೇನೇ ಕಣ್ಲಾ!" ನಿಜ. ಅದೇ ಬಾಗಿದ ತಗಡು, ಕೆಳಗೆ ಅದೇ ಸವೆಯುವ ಪಟ್ಟಿ. ಅಂಗಳದ ಸಿಮೆಂಟು ಕೆರೆಯದಿರಲಿ ಅಂತ ಕೆಲವರು ಉಕ್ಕಿನ ಬದಲು ರಬ್ಬರ್ ಪಟ್ಟಿ ಹಾಕ್ತಾರಂತೆ. ಕಲ್ಲಿಗೆ ಬಡಿದ್ರೆ ಮಡಚಿಕೊಂಡು ಮತ್ತೆ ನೆಟ್ಟಗಾಗೋ ಸ್ಪ್ರಿಂಗ್ ಇರುತ್ತೆ. ನಮ್ಮದಕ್ಕೆ ಆ ಭಾಗ್ಯ ಇಲ್ಲ, ಬದುವಿನ ಕಲ್ಲಿಗೆ ಬಡಿದ್ರೆ ಬಡೀತು ಅಷ್ಟೆ. ಅಲ್ಲಿ ರಸ್ತೆಗೆ ಚೆಲ್ಲುವ ಉಪ್ಪಿನಿಂದ ತುಕ್ಕು, ಇಲ್ಲಿ ಕೆಸರಿನಿಂದ. ಅವನು ಹಿಮ ಅಂಟದಿರಲಿ ಅಂತ ಬ್ಲೇಡಿಗೆ ಮೇಣ ಸವರ್ತಾನೆ, ಚಳಿಗಾಲ ಮುಗಿದ ಮೇಲೆ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ ಎತ್ತಿಡ್ತಾನೆ. ನಾಟಿ ಮುಗಿದ ಮೇಲೆ ನಮ್ಮ ಬ್ಲೇಡು ಕೆಸರಿನ ಸಮೇತ ಹುಣಸೆಮರದ ಕೆಳಗೆ ಬಿದ್ದಿರುತ್ತಿತ್ತು. ಈಗ ತೊಳೆದು, ಹೊಳೆಯುವ ಅಂಚಿಗೆಲ್ಲ ಹಳೇ ಎಂಜಿನ್ ಆಯಿಲ್ ಸವರಿ, ಎರಡು ಮರದ ತುಂಡಿನ ಮೇಲೆ ಇಡ್ತೀವಿ. ತಿರುಗುವ ಪಿನ್ನುಗಳಿಗೆ ಗ್ರೀಸು. ಹದಿನೈದು ನಿಮಿಷದ ಕೆಲಸ.

ಆ ಮರದ ತುಂಡುಗಳ ಬಗ್ಗೆ ಇನ್ನೊಂದು ಮಾತು. ಇದನ್ನು ದಯವಿಟ್ಟು ಊರಲ್ಲಿರೋ ಅಪ್ಪ, ಅಣ್ಣಂದಿರಿಗೆ ಓದಿ ಹೇಳಿ. ಹೈಡ್ರಾಲಿಕ್‌ನಲ್ಲಿ ಎತ್ತಿ ನಿಲ್ಲಿಸಿದ ಬ್ಲೇಡಿನ ಕೆಳಗೆ ಕೈ ಹಾಕಬಾರದು. ಎಂಜಿನ್ ಆಫ್ ಇದ್ರೂ ಲಿವರ್ ಕೆಳಗೆ ಜರುಗಿದ್ರೆ ಬ್ಲೇಡು ಧೊಪ್ಪಂತ ಬೀಳುತ್ತೆ. ನಮ್ಮ ಪಕ್ಕದೂರಿನ ಒಬ್ಬರು ಹಾಗೆ ಎತ್ತಿ ನಿಲ್ಲಿಸಿ ಅಂಚಿಗೆ ಸುತ್ತಿದ ಹುಲ್ಲು ಬಿಡಿಸ್ತಿದ್ರು. ಸೀಟಿನ ಮೇಲೆ ಆಡ್ತಿದ್ದ ಮೊಮ್ಮಗ ಲಿವರ್ ಮುಟ್ಟಿದ. ಎರಡು ಬೆರಳು ಹೋಯ್ತು. ಮೊದಲು ಮರದ ದಿಮ್ಮಿ ಕೊಡಿ, ಬ್ಲೇಡನ್ನು ಅದರ ಮೇಲೆ ಇಳಿಸಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ, ಆಮೇಲೆ ಸ್ಪ್ಯಾನರ್. ಪೈಪಿನಲ್ಲಿ ಎಣ್ಣೆ ಸೋರ್ತಿದ್ರೆ ಎಲ್ಲಿಂದ ಅಂತ ಬೆರಳಿಟ್ಟು ಹುಡುಕಬೇಡಿ. ಒತ್ತಡದಲ್ಲಿ ಚಿಮ್ಮುವ ಎಣ್ಣೆ ಸೂಜಿಯ ಹಾಗೆ ಚರ್ಮದೊಳಗೆ ಹೋಗುತ್ತೆ. ಒಂದು ರಟ್ಟಿನ ತುಂಡು ಹಿಡಿದ್ರೆ ಸಾಕು, ಕಲೆ ಬಿದ್ದ ಕಡೆ ಗೊತ್ತಾಗುತ್ತೆ.

ಸ್ವಂತ ಬ್ಲೇಡು ಇಲ್ಲದೆ ಬಾಡಿಗೆಗೆ ತರೋರು, ಕೃಷಿ ಯಂತ್ರಧಾರೆ ಕೇಂದ್ರದಲ್ಲಾಗಲಿ ಬೇರೆಯವರ ಹತ್ರ ಆಗಲಿ, ದುಡ್ಡು ಕೊಡೋ ಮೊದಲು ಆ ನೂಲು ಹಿಡಿದು ನೋಡಿ. ಗಂಟೆ ಲೆಕ್ಕದ ಬಾಡಿಗೆ; ಸವೆದ ಬ್ಲೇಡು ಒಂದು ಗಂಟೆಯ ಕೆಲಸಕ್ಕೆ ಎರಡು ಗಂಟೆ ತಿನ್ನುತ್ತೆ.

ಕಳೆದ ಸಲ ನಾಲೆಗೆ ನೀರು ಬಿಡೋ ಮೊದಲು ನಾವು ಮಂಡ್ಯದಿಂದ ಹೊಸ ಪಟ್ಟಿ ತಂದು ಹಾಕಿದ್ವಿ. ಕೆಸರು ಗದ್ದೆ ಮಟ್ಟ ಮಾಡಿ, ತೆಳ್ಳಗೆ ನೀರು ನಿಲ್ಲಿಸಿ ನೋಡಿದಾಗ, ಮೊದಲು ಐದಾರು ಕಡೆ ತಲೆ ಎತ್ತುತ್ತಿದ್ದ ದಿಬ್ಬ ಒಂದೇ ಕಡೆ, ತೂಬಿನ ಹತ್ತಿರ ಉಳಿದಿತ್ತು. ಅದನ್ನು ಅಪ್ಪ ಗುದ್ದಲಿಯಲ್ಲೇ ಎಳೆದು ಹಾಕಿದ್ರು.